ಭಾಗ್ಯಜ್ಯೋತಿ ಮನೆಯ ಬಿಲ್ಲು

ಲ್ಯಾಬಿನ ಬಾಗಿಲ ಮೇಲೆ ಎರಡು ಸಾಲು ಬರೆದಿತ್ತು. ಚಪ್ಪಲಿ ಹೊರಗೆ ಬಿಡಿ. ಅನುಮತಿ ಇಲ್ಲದೆ ಮುಟ್ಟಬೇಡಿ. ಧೂಳು ಬೀಳಬಾರದು ಅಂತ ಬರೆದದ್ದು, ಅದರಲ್ಲಿ ಬೇರೇನೂ ಇರಲಿಲ್ಲ. ಆದರೆ ನಮ್ಮ ಕೇರಿಯ ಹುಡುಗನಿಗೆ ಆ ಎರಡು ಮಾತು ಹೊಸವಲ್ಲ. ನಮ್ಮ ತಾತ ಊರೊಳಗಿನ ಬೀದಿ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವನು. ನಾನು ಚಪ್ಪಲಿ ಬಿಟ್ಟು, ಕೈಕಟ್ಟಿಕೊಂಡು ಒಳಗೆ ಹೋದೆ.

ಅದು 2013ರ ಜೂನ್. ಹತ್ತನೇ ಕ್ಲಾಸು ಕನ್ನಡದಲ್ಲಿ ಪಾಸು ಮಾಡಿ ಮಂಡ್ಯ ಸೀಮೆಯ ಒಂದು ಜೂನಿಯರ್ ಕಾಲೇಜಿಗೆ ಸೇರಿದ್ದೆ. ಅರ್ಜಿ ತುಂಬುವಾಗ ಗುಮಾಸ್ತರು ತಲೆಯೆತ್ತಿ ನೋಡಿ, 'ಆರ್ಟ್ಸ್ ತಗೊಳಪ್ಪ, ಪಾಸಾದ್ರೂ ಆಯ್ತಿಯ' ಅಂದರು. ಕೆಟ್ಟ ಮನುಷ್ಯರಲ್ಲ, ಕರುಣೆಯಿಂದಲೇ ಅಂದದ್ದು. ಆ ಕರುಣೆಯ ಮೇಲೆ ಸಿಟ್ಟು ಬಂದು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆ ಕಂಪ್ಯೂಟರ್ ವಿಜ್ಞಾನ ಬರೆದೆ. ಅದು ಏನೆಂದು ಗೊತ್ತಿದ್ದು ಬರೆದದ್ದಲ್ಲ.

ಕಬ್ಬಿನ ಗದ್ದೆಯಿಂದ ಬಂದ ಅವ್ವ ಕೇಳಿದಳು: 'ಅದ್ಯಾನ್ಲಾ ಮಗ ಅದು?'

'ಲೆಕ್ಕ ಮಾಡೋ ಮಿಷನ್ನು ಕನವ್ವ.'

'ಹಂಗಾರೆ ನಮ್ ಕೂಲಿ ಲೆಕ್ಕ ಸರಿಯಾಗವ್ರಾ ಅಂತ ಒಸಿ ನೋಡು.'

ಲ್ಯಾಬಿನಲ್ಲಿ ಕೆಲಸ ಮಾಡುವ ಯಂತ್ರ ಎಂಟು, ನಾವು ಮೂವತ್ತೆರಡು ಜನ. ಒಂದಕ್ಕೆ ನಾಲ್ವರು. ಮನೆಯಲ್ಲಿ ಕಂಪ್ಯೂಟರ್ ಇದ್ದ ಪೇಟೆ ಹುಡುಗ ಕುರ್ಚಿಯಲ್ಲಿ ಕೂರುತ್ತಿದ್ದ. ಯಾರೂ ಅವನನ್ನು ಕೂರಿಸಿದ್ದಲ್ಲ. ಅವನ ಬೆರಳು ಓಡುತ್ತಿತ್ತು, ಹೊತ್ತು ಕಮ್ಮಿ ಇತ್ತು, ಅಷ್ಟೆ. ನಾನು ನಾಲ್ಕನೆಯವನು. ಅವನ ಹೆಗಲ ಮೇಲಿಂದ ಪರದೆ ನೋಡುತ್ತ ಮೊದಲ ವರ್ಷ ಕಳೆದೆ.

ಯಂತ್ರ ಸಿಗದ ಮೇಲೆ ಏನು ಮಾಡಲಿ? ನೋಟ್‌ಬುಕ್ಕಿನಲ್ಲೇ ಪ್ರೋಗ್ರಾಮು ಓಡಿಸಿದೆ. ಆಗ ಸಿ ಪ್ಲಸ್ ಪ್ಲಸ್ ಇತ್ತು. ಒಂದೊಂದು ಸಾಲು ಓದುವುದು, ಎ ಈಗ ಎಷ್ಟು, ಬಿ ಈಗ ಎಷ್ಟು ಅಂತ ಪಕ್ಕದಲ್ಲಿ ಬರೆಯುವುದು, ಹಳೆಯದನ್ನು ಹೊಡೆದುಹಾಕುವುದು, ಲೂಪು ಬಂದರೆ ಮತ್ತೆ ಮೇಲಕ್ಕೆ ಹೋಗುವುದು. ಪುಸ್ತಕವೆಲ್ಲ ಇಂಗ್ಲಿಷು. ಪಾಠಕ್ಕಿಂತ ಪ್ರೋಗ್ರಾಮೇ ನನಗೆ ಸಲೀಸು, ಯಾಕೆಂದರೆ ಅದರಲ್ಲಿ ಇಂಗ್ಲಿಷು ಹತ್ತಿಪ್ಪತ್ತು ಪದ ಮಾತ್ರ. ಒಂದು ದಿನ ಪೇಟೆ ಹುಡುಗನ ಪ್ರೋಗ್ರಾಮು ಎರರ್ ಮೇಲೆ ಎರರ್ ಕೊಡ್ತಿತ್ತು. ಹಿಂದಿನಿಂದ ನಾನು, 'ಏಳನೇ ಸಾಲಲ್ಲಿ ಸೆಮಿಕೋಲನ್ ಬಿಟ್ಟೀಯ' ಅಂದೆ. ಹಾಕಿದ, ಓಡಿತು. ತಿರುಗಿ ನೋಡಿದ. ಅಂದಿನಿಂದ ತಪ್ಪು ತೋರಿಸುವುದು ನನ್ನ ಕೆಲಸ. ಕುರ್ಚಿ ಮಾತ್ರ ಅವನದೇ.

ಬರವಣಿಗೆಗೆ 70 ಅಂಕ, ಪ್ರಾಯೋಗಿಕಕ್ಕೆ 30. ಎರಡನೇ ವರ್ಷದ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಬ್ಬರಿಗೊಂದು ಯಂತ್ರ. ಕುರ್ಚಿ ಪೂರ್ತಿ ನನ್ನದಾದದ್ದು ಅವತ್ತೇ. ನನಗೆ ಬಂದದ್ದು ಕರೆಂಟ್ ಬಿಲ್ಲಿನ ಲೆಕ್ಕ. ಎಸ್‌ಕ್ಯುಎಲ್‌ನಲ್ಲಿ ಗ್ರಾಹಕರ ಪಟ್ಟಿ ಮಾಡಬೇಕು, ಉರಿಸಿದ ಯೂನಿಟ್ ತುಂಬಬೇಕು, ಬಿಲ್ಲು ತೆಗೆಯಬೇಕು. ಎಲ್ಲರಿಗೂ ಕನಿಷ್ಠ 50 ರೂಪಾಯಿ, ಅದರ ಮೇಲೆ ಯೂನಿಟ್ಟಿಗೆ ಇಷ್ಟು.

ಗ್ರಾಹಕರ ಹೆಸರು ಯಾವುದಾದರೂ ಬರೆಯಬಹುದು. ಉಳಿದವರು ಪುಸ್ತಕದಲ್ಲಿದ್ದ ಹೆಸರನ್ನೇ ಹಾಕಿದರು. ನಾನು ಮೊದಲ ಸಾಲಿಗೆ ಅವ್ವನ ಹೆಸರು ಹಾಕಿದೆ. ಯೂನಿಟ್ 15. ಬಿಲ್ಲು ಬಂತು: 50 ರೂಪಾಯಿ, ಜೊತೆಗೆ 15 ಯೂನಿಟ್ಟಿನ ದುಡ್ಡು.

ನಮ್ಮದು ಭಾಗ್ಯಜ್ಯೋತಿ ಮನೆ. ಒಂದೇ ಬಲ್ಬು. ಆಗ ತಿಂಗಳಿಗೆ 18 ಯೂನಿಟ್‌ವರೆಗೆ ಸರ್ಕಾರವೇ ಕಟ್ಟುತ್ತಿತ್ತು. ಯಂತ್ರ ತಪ್ಪು ಮಾಡಿರಲಿಲ್ಲ. ಹೇಳಿದಂತೆ ಕೇಳಿತ್ತು. ಹೇಳಿಕೊಟ್ಟವರಿಗೆ ನಮ್ಮಂಥ ಮನೆ ಇದೆ ಅನ್ನುವುದು ನೆನಪಾಗಿರಲಿಲ್ಲ. ಎಲ್ಲರಿಗೂ ಅಂತ ಬರೆದಾಗ ಆ ಎಲ್ಲರಲ್ಲಿ ನಾವಿರಲಿಲ್ಲ.

ಒಂದು ಸಾಲು ಹೆಚ್ಚಿಗೆ ಬರೆದೆ. ಯೂನಿಟ್ 18 ಅಥವಾ ಕಮ್ಮಿ ಇದ್ದರೆ ಬಿಲ್ಲು ಸೊನ್ನೆ. ಸಿರಿವಂತರ ಬೀಗ ಹಾಕಿದ ಮನೆಗೂ ಇದರಿಂದ ಸೊನ್ನೆ ಬರುತ್ತದೆ, ಭಾಗ್ಯಜ್ಯೋತಿಗೆ ಬೇರೆ ಕಾಲಂ ಬೇಕಿತ್ತು ಅಂತ ಆಮೇಲೆ ಹೊಳೆಯಿತು. ಅವತ್ತು ಅಷ್ಟು ವ್ಯವಧಾನ ಇರಲಿಲ್ಲ.

ಪರೀಕ್ಷಕರು ಬಗ್ಗಿ ನೋಡಿದರು. 'ಇದೇನಪ್ಪ ಈ ಸಾಲು? ಮ್ಯಾನ್ಯುಯಲ್‌ನಲ್ಲಿ ಇಲ್ವಲ್ಲ.'

'ನಮ್ಮನೆ ಭಾಗ್ಯಜ್ಯೋತಿ, ಸಾರ್.'

ಏನೂ ಅನ್ನದೆ ಮುಂದಕ್ಕೆ ಹೋದರು. 30ಕ್ಕೆ 28 ಬಂತು. ಆ ಎರಡು ಎಲ್ಲಿ ಹೋದವು ಅಂತ ನಾನು ಕೇಳಲಿಲ್ಲ. ಮನೆಗೆ ಬಂದು ಅವ್ವನಿಗೆ ಹೇಳಿದೆ, ನಿನ್ ಬಿಲ್ಲು ಮನ್ನಾ ಮಾಡ್ದೆ ಅಂತ. 'ಕಟ್ತಾನೇ ಇರ್ನಿಲ್ವಲ್ಲೋ' ಅಂದು ಬಿದ್ದು ಬಿದ್ದು ನಕ್ಕಳು.

ಈಗ ನಾನೇ ಅತಿಥಿ ಉಪನ್ಯಾಸಕ. ಸಂಬಳ ಬರುವುದು ಅತಿಥಿಯ ಹಾಗೆಯೇ, ಯಾವತ್ತೋ ಒಂದಿನ. ಸಿ ಪ್ಲಸ್ ಪ್ಲಸ್ ಹೋಗಿ ಪೈಥಾನ್ ಬಂದಿದೆ, ಸೆಮಿಕೋಲನ್ನಿನ ಕಾಟ ತಪ್ಪಿತು. ಯಂತ್ರಗಳು ಈಗಲೂ ಸಾಲುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಮೊದಲು ಕೂರಬೇಕು, ಇದ್ದವರು ಹಿಂದೆ ನಿಂತು ತಪ್ಪು ಹುಡುಕಬೇಕು ಅಂತ ನಿಯಮ ಮಾಡಿದ್ದೇನೆ. ಕಳೆದ ವರ್ಷ ಒಬ್ಬ ತಂದೆ ಬಂದು, ನನ್ನ ಮಗನಿಗೆ ಟೈಮು ಕಮ್ಮಿ ಸಿಗ್ತಿದೆ ಅಂತ ಪ್ರಿನ್ಸಿಪಾಲರಿಗೆ ದೂರು ಕೊಟ್ಟರು. ದೂರು ನಿಜ. ನಿಯಮ ಹಾಗೇ ಇದೆ.