ಕುಪ್ಪಂ ಗುಡ್ಡದ ಮರಿ ಮೇಷ್ಟ್ರುಗಳು

ಚೆನ್ನೈಯಿಂದ ಬೆಂಗಳೂರಿಗೆ ಹೊರಟ ರೈಲು ಜೋಲಾರ್‌ಪೇಟೆ ದಾಟುವಾಗ ನಿಮ್ಮಲ್ಲಿ ಅನೇಕರು ನಿದ್ದೆಗೆ ಜಾರಿರುತ್ತೀರಿ. ಮುಂದಿನ ಸಲ ಎಚ್ಚರವಾಗಿರಿ. ಗಾಡಿ ಏರು ಹತ್ತಿ ಕುಪ್ಪಂ ಸೇರುತ್ತದೆ. ಊರು ಆಂಧ್ರಪ್ರದೇಶದ ಚಿತ್ತೂರು ಜಿಲ್ಲೆಯದು. ಒಂದು ಪಕ್ಕ ನಮ್ಮ ಕೋಲಾರ ಸೀಮೆ, ಇನ್ನೊಂದು ಪಕ್ಕ ತಮಿಳುನಾಡು. ತೆಲುಗು, ತಮಿಳು, ಕನ್ನಡ ಮೂರೂ ಕಿವಿಗೆ ಬೀಳುವ ಗಡಿನಾಡು.

ಇಲ್ಲಿಗೆ ಸಮೀಪದಲ್ಲಿ, 172 ಎಕರೆ ಜಾಗದಲ್ಲಿ, ಅಗಸ್ತ್ಯ ಪ್ರತಿಷ್ಠಾನದ ವಿಜ್ಞಾನ ಕೇಂದ್ರವಿದೆ. ಪ್ರತಿಷ್ಠಾನವನ್ನು ರಾಮ್‌ಜಿ ರಾಘವನ್ ಮತ್ತು ಸಂಗಡಿಗರು 1999ರಲ್ಲಿ ಆರಂಭಿಸಿದರು. ಬೋಳಾಗಿದ್ದ ಗುಡ್ಡ ಈಗ ಹಸಿರಾಗಿದೆ. ಸುತ್ತಲಿನ ಸರ್ಕಾರಿ ಶಾಲೆಗಳ ಮಕ್ಕಳು ಇಲ್ಲಿಗೆ ಬಂದು ಪ್ರಯೋಗಗಳನ್ನು ಕೈಯಾರೆ ಮಾಡುತ್ತಾರೆ. ದೂರದ ಶಾಲೆಗಳಿಗೆ ಪ್ರಯೋಗದ ಸಾಮಾನು ತುಂಬಿದ ವ್ಯಾನು ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇಲ್ಲಿನ ಮರಿ ಮೇಷ್ಟ್ರುಗಳು. ಶಾಲೆಯ ಹುಡುಗ ಹುಡುಗಿಯರನ್ನೇ ಆರಿಸಿ, ತರಬೇತಿ ಕೊಟ್ಟು, ಕಿರಿಯರಿಗೆ ಪಾಠ ಹೇಳಲು ನಿಲ್ಲಿಸುತ್ತಾರೆ. ಇವರಿಗೆ ‘ಯಂಗ್ ಇನ್‌ಸ್ಟ್ರಕ್ಟರ್ ಲೀಡರ್’ ಎಂದು ಹೆಸರು. ಹೆಸರೇನೋ ಭಾರಿ, ಸಾಮಾನು ಮಾತ್ರ ಅಗ್ಗದ್ದೇ ಸಾಕು.

ಒಂದು ಉದಾಹರಣೆ ತೆಗೆದುಕೊಳ್ಳಿ. ಲೋಟದ ತುಂಬ ನೀರು, ಬಾಯಿಗೊಂದು ರಟ್ಟು, ಮೆಲ್ಲಗೆ ಬೋರಲು. ಕೈ ಬಿಟ್ಟರೂ ನೀರು ಬೀಳುವುದಿಲ್ಲ! ಲೋಟದ ಬಾಯಿ 7 ಸೆಂಟಿಮೀಟರ್ ಅಗಲವಿದ್ದರೆ, ಕೆಳಗಿನಿಂದ ಗಾಳಿ ಸುಮಾರು 35 ಕಿಲೋ ತೂಕದಷ್ಟು ಬಲದಿಂದ ಒತ್ತುತ್ತಿರುತ್ತದೆ. ಒಳಗಿರುವ ನೀರು ಕಾಲು ಕಿಲೋ ಇದ್ದೀತು. ಲೆಕ್ಕ ಇಷ್ಟೇ. ಆದರೆ ‘ವಾಯುಮಂಡಲದ ಒತ್ತಡ’ ಎಂದು ಪುಸ್ತಕದ ಮಾತು ಆಡಿದರೆ ಐದನೇ ಕ್ಲಾಸಿನ ಮಗು ಪಿಳಿಪಿಳಿ ಕಣ್ಣು ಬಿಡುತ್ತದೆ. ಅದರ ಮನೆಮಾತಿನಲ್ಲಿ, ಅದಕ್ಕೆ ಗೊತ್ತಿರುವ ಸಾಮಾನು ತೋರಿಸಿ ಹೇಳಬೇಕು. ಹೇಳುವವರಿಗೇ ಸರಿಯಾಗಿ ಅರ್ಥವಾಗಿಲ್ಲವಾದರೆ ಅದು ಅಲ್ಲೇ ಬಯಲಾಗುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಕನ್ನಡ ‘ಊಟ ಆಯ್ತಾ’, ‘ಹೋಗಿ ಬರ್ತೀನಿ’ಗಳಲ್ಲೇ ನಿಂತಿದೆಯೆಂದು ತಂದೆತಾಯಿ ಕೊರಗುವುದನ್ನು ಕೇಳಿಯೇ ಇರುತ್ತೀರಿ. ವಿಜ್ಞಾನವೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಅಡಿಗೆಮನೆಗೆ ಎಂದು ಯಾರು ಗೆರೆ ಎಳೆದರೋ! ಈ ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ಅಕ್ಕಪಕ್ಕದ ಪುಟ್ಟ ಮಕ್ಕಳನ್ನು ಜಗುಲಿಗೆ ಕರೆದು ಲೋಟ ಬೋರಲು ಹಿಡಿಯಿರಿ. “ಯಾಕಕ್ಕಾ ಬೀಳಲ್ಲ?” ಎಂದು ಒಬ್ಬನಾದರೂ ಕೇಳುತ್ತಾನೆ. ಆಗ ಇಂಗ್ಲಿಷಿಗೆ ಹಾರಬೇಡಿ. “ಗಾಳಿ ಕೆಳಗಿಂದ ಒತ್ತಿ ಹಿಡಿದಿದೆ ಕಣೋ” ಎನ್ನಿ. ಅವನು ಮತ್ತೆ “ಯಾಕೆ?” ಅಂದಾನು. ತಡವರಿಸಿದರೂ ಪರವಾಗಿಲ್ಲ, ಕನ್ನಡದಲ್ಲೇ ಮುಂದುವರಿಸಿ.

ಹಾಂ, ಮೊದಲು ಬಚ್ಚಲಲ್ಲಿ ಒಂದೆರಡು ಸಲ ಮಾಡಿ ನೋಡಿ. ರಟ್ಟು ನೆನೆದು ಬಾಗಿತೋ, ನೀರೆಲ್ಲ ಅಜ್ಜಿಯ ಜಗುಲಿಯ ಮೇಲೆ!