ಅಜ್ಜನ ಡಬ್ಬಿಯ ಅಮೆರಿಕದ ಪೈಸೆ ಮತ್ತು ನಮ್ಮ ಒಂದು ‘ಇರಬಹುದು’

ಹೋದ ಮಳೆಗಾಲದ ಮಾತು. ರಾತ್ರಿ ಊಟಕ್ಕೆ ಕೂತಿದ್ದಾಗ ಊರಿಂದ ಚಿಕ್ಕಪ್ಪನ ಫೋನ್ ಬಂತು. “ಪೇಪರ್‌ನವ ನೀನು, ಹೇಳು ನೋಡುವಾ. 1943ರ ಅಮೆರಿಕದ ಪೈಸೆಗೆ ಲಕ್ಷಗಟ್ಟಲೆ ದುಡ್ಡು ಸಿಗ್ತದಂತೆ, ಹೌದಾ?”

“ಇರಬಹುದು ಚಿಕ್ಕಪ್ಪ, ಎಲ್ಲೋ ಓದಿದ ನೆನಪು” ಅಂದೆವು. ಅನ್ನ ಆರುತ್ತಿತ್ತು, ಮರುದಿನಕ್ಕೆ ಕಳಿಸಬೇಕಾದ ಸುದ್ದಿ ಎರಡು ಬಾಕಿ ಇತ್ತು. ಫೋನ್ ಇಟ್ಟೆವು.

ಆ ‘ಇರಬಹುದು’ ನಂಬಿ ಚಿಕ್ಕಪ್ಪ ಮರುದಿನ 8,500 ರೂಪಾಯಿ ಕಳೆದುಕೊಂಡರು. ವಾಟ್ಸಾಪ್‌ನಲ್ಲಿ ಬಂದ ವಿಡಿಯೊ ನೋಡಿ ಅದರಲ್ಲಿದ್ದ ನಂಬರಿಗೆ ಅವರು ಮೊದಲೇ ನಾಣ್ಯದ ಫೋಟೊ ಕಳಿಸಿದ್ದರು. ಆ ಕಡೆಯವನು 35 ಲಕ್ಷ ಕೊಡುತ್ತೇವೆ ಅಂದ. ಮೊದಲು ನೋಂದಣಿ ಶುಲ್ಕ, ಆಮೇಲೆ ಜಿಎಸ್‌ಟಿ ಕೇಳಿದ. ಎರಡು ಸಲ ಹಣ ಹಾಕಿದ ಮೇಲೆ ನಂಬರ್ ಬಂದ್. “ನೀನೂ ಹೌದು ಅಂದಿದ್ದಿಯಲ್ಲ ಮಾರಾಯ” ಅಂತ ಅವರು ಮೆಲ್ಲಗೆ ಹೇಳಿದಾಗ ನಮಗೆ ಬಾಯಿ ಬರಲಿಲ್ಲ. ದಿನಾ ನಾಲ್ಕು ಕಡೆ ವಿಚಾರಿಸಿ ಸುದ್ದಿ ಬರೆಯುವವರು ನಾವು. ಮನೆಯವರೇ ಕೇಳಿದಾಗ ವಿಚಾರಿಸದೇ ಉತ್ತರ ಕೊಟ್ಟಿದ್ದೆವು.

ಆ ಭಾನುವಾರ ಊರಿಗೆ ಹೋಗಿ ಡಬ್ಬಿ ಬಿಚ್ಚಿದೆವು. ಅಜ್ಜ ಸರಕು ಹಡಗಿನಲ್ಲಿ ಅಡುಗೆ ಮಾಡಿಕೊಂಡಿದ್ದವರು. ಅಮೆರಿಕದ ಬಂದರುಗಳಲ್ಲಿ ಇಳಿದಾಗ ಉಳಿದ ಚಿಲ್ಲರೆಯನ್ನು ತಗಡಿನ ಡಬ್ಬಿಯಲ್ಲಿ ತಂದಿದ್ದರು. ಎಲ್ಲ ಸೇರಿ ಹದಿನೇಳು ನಾಣ್ಯ. ಈ ಸಲ ಓದಿಕೊಂಡೇ ಹೋಗಿದ್ದೆವು.

ಮೊದಲು ಆ 1943ರದ್ದು. ಡಾಲರಿನ ನೂರರಲ್ಲಿ ಒಂದು ಭಾಗಕ್ಕೆ ಸೆಂಟ್ ಅನ್ನುತ್ತಾರೆ, ಅಲ್ಲಿಯ ಜನರ ಬಾಯಲ್ಲಿ ಪೆನ್ನಿ. ಆ ಕಾಲದಲ್ಲಿ ಅದು ತಾಮ್ರದ ನಾಣ್ಯವಾಗಿತ್ತು. ಆದರೆ 1943ರಲ್ಲಿ ಯುದ್ಧ ನಡೆಯುತ್ತಿತ್ತು, ಮದ್ದುಗುಂಡಿನ ಕೆಲಸಕ್ಕೆ ತಾಮ್ರ ಬೇಕಿತ್ತು. ಹಾಗಾಗಿ ಆ ಒಂದು ವರ್ಷ ಉಕ್ಕಿಗೆ ಸತು ಲೇಪಿಸಿ ಸೆಂಟ್ ಟಂಕಿಸಿದರು, ಅದೂ ನೂರು ಕೋಟಿಗಿಂತ ಹೆಚ್ಚು. ಹಿಂದಿನ ವರ್ಷದ ತಾಮ್ರದ ಬಿಲ್ಲೆಗಳು ಯಂತ್ರದಲ್ಲಿ ಸಿಕ್ಕಿಕೊಂಡಿದ್ದವೋ ಏನೋ, ಬೆರಳೆಣಿಕೆಯಷ್ಟು ಸೆಂಟ್ ಮಾತ್ರ ತಪ್ಪಿ ತಾಮ್ರದಲ್ಲೇ ಬಂದವು. ಹರಾಜಿನಲ್ಲಿ ಲಕ್ಷ ಡಾಲರ್ ದಾಟಿದ್ದು ಆ ತಾಮ್ರದವು. ವಿಡಿಯೊದವನು ಈ ಅರ್ಧ ಕತೆಯನ್ನು ಮುಚ್ಚಿಟ್ಟು ಬರೀ ಇಸವಿ ಹೇಳಿದ್ದ.

ಹಳೇ ಸ್ಪೀಕರಿನ ಮ್ಯಾಗ್ನೆಟ್ ತಂದು ಹತ್ತಿರ ಹಿಡಿದೆವು. ನಾಣ್ಯ ಟಕ್ ಅಂತ ಅಂಟಿಕೊಂಡಿತು. ಅಂದರೆ ಉಕ್ಕಿನದು. ಸವೆದ ಅಂಥ ನಾಣ್ಯಕ್ಕೆ ಅಲ್ಲಿ ಸಿಗುವುದು ಕೆಲವು ಸೆಂಟ್, ಹೆಚ್ಚೆಂದರೆ ಒಂದು ಡಾಲರಿನ ಆಸುಪಾಸು. ಚಿಕ್ಕಪ್ಪ ಅದನ್ನು ಮ್ಯಾಗ್ನೆಟ್‌ನಿಂದ ಕಿತ್ತು ಮತ್ತೆ ಹಿಡಿದರು. ಮತ್ತೆ ಅಂಟಿತು. ಇದರಲ್ಲೂ ಮೋಸ ಉಂಟು. ಉಕ್ಕಿನ ಸೆಂಟಿಗೆ ತಾಮ್ರ ಬಳಿದರೆ ಮ್ಯಾಗ್ನೆಟ್ ಹಿಡಿದುಕೊಡುತ್ತದೆ. ಆದರೆ 1948ರ ತಾಮ್ರದ ಸೆಂಟಿನಲ್ಲಿ 8 ಅನ್ನು ಕೆರೆದು 3 ಮಾಡಿದರೆ ಮ್ಯಾಗ್ನೆಟ್ ಸಾಲದು, ಅಂಕಿಯನ್ನೇ ಭೂತಗನ್ನಡಿಯಲ್ಲಿ ನೋಡಬೇಕು.

ಹಳೆಯದಾದಷ್ಟೂ ಬೆಲೆ ಅಂತ ನಾವೂ ನಂಬಿದ್ದೆವು. ಹಾಗಲ್ಲ. ಎಷ್ಟು ಟಂಕಿಸಿದ್ದರು, ಅದರಲ್ಲಿ ಎಷ್ಟು ಉಳಿದಿವೆ, ಎಷ್ಟು ಜನರಿಗೆ ಬೇಕು ಅನ್ನುವುದೇ ಮುಖ್ಯ. ಲಿಂಕನ್ ಮುಖದ ಸೆಂಟ್ ಶುರುವಾದದ್ದು 1909ರಲ್ಲಿ. ಅದನ್ನು ರೂಪಿಸಿದ ವಿಕ್ಟರ್ ಡೇವಿಡ್ ಬ್ರೆನ್ನರ್ ತನ್ನ ಹೆಸರಿನ ಮೂರು ಅಕ್ಷರ, ವಿ.ಡಿ.ಬಿ., ಹಿಂಬದಿಯ ಅಂಚಿನಲ್ಲಿ ಹಾಕಿದ್ದ. ಜನ ತಕರಾರು ತೆಗೆದರು, ಕೆಲವೇ ದಿನದಲ್ಲಿ ಆ ಅಕ್ಷರ ತೆಗೆದರು. ಅಷ್ಟರಲ್ಲಿ ಫಿಲಡೆಲ್ಫಿಯಾ ಟಂಕಸಾಲೆಯಲ್ಲಿ ಸುಮಾರು 2.8 ಕೋಟಿ ಆಗಿದ್ದವು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಬರೀ 4,84,000. ಅದೇ ವರ್ಷ, ಅದೇ ಮುಖ, ಅದೇ ಅಕ್ಷರ. ಆದರೂ ಮೊದಲನೆಯದು ಕೆಲವು ಡಾಲರಿಗೆ ಸಿಕ್ಕೀತು, ಎರಡನೆಯದಕ್ಕೆ ನೂರಾರು ಡಾಲರ್ ಬೇಕು.

ಗುರುತು ಇಸವಿಯ ಕೆಳಗಿನ ಸಣ್ಣ ಅಕ್ಷರ. ಎಸ್ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ, ಡಿ ಇದ್ದರೆ ಡೆನ್ವರ್, ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. ನಮ್ಮ ರೂಪಾಯಿಯಲ್ಲೂ ಇದು ಉಂಟು, ಈಗಲೇ ಜೇಬಿನಿಂದ ತೆಗೆದು ನೋಡಿ: ಇಸವಿಯ ಕೆಳಗೆ ನಕ್ಷತ್ರ ಇದ್ದರೆ ಹೈದರಾಬಾದ್, ಚುಕ್ಕೆ ಇದ್ದರೆ ನೋಯ್ಡಾ.

ಟಂಕಸಾಲೆಯ ತಪ್ಪಿಗೂ ಬೆಲೆ ಉಂಟು. 1955ರ ಕೆಲವು ಸೆಂಟ್‌ಗಳಲ್ಲಿ ಇಸವಿ ಮತ್ತು ಅಕ್ಷರ ಜೋಡಿಯಾಗಿ ಕಾಣುತ್ತವೆ. ಅಚ್ಚಿನಲ್ಲೇ ಎರಡು ಸಲ ಮೂಡಿದ್ದರಿಂದ ಹಾಗಾಯಿತು. ಸುಮಾರು 20,000ದಷ್ಟು ಹೊರಗೆ ಬಂದವು, ಅವೂ ದುಬಾರಿ.

ಇನ್ನು ನಾಣ್ಯದ ಸ್ಥಿತಿ. ಅಲ್ಲಿ 1ರಿಂದ 70ರವರೆಗೆ ಅಂಕ ಕೊಡುತ್ತಾರೆ. ಲಿಂಕನ್ನನ ಕೆನ್ನೆ ಸವೆದಿದೆಯಾ, ಹಿಂಬದಿಯ ಗೋಧಿ ತೆನೆಯ ಗೆರೆ ಉಳಿದಿದೆಯಾ, ಮೂಲದ ಕೆಂಪು ಬಣ್ಣ ಎಷ್ಟಿದೆ ಅಂತ ನೋಡುತ್ತಾರೆ. ಇದನ್ನು ಹೇಳುವಾಗಲೇ ಚಿಕ್ಕಮ್ಮ ಒಳಗಿಂದ ಬಂದು, “ಅಯ್ಯೋ, ಫೋಟೊ ಚಂದ ಬರಲಿ ಅಂತ ನಾನೇ ಹುಣಸೆಹುಳಿ ಹಾಕಿ ತಿಕ್ಕಿ ಕೊಟ್ಟೆ” ಅಂದರು. ಹಂಡೆ, ಬಿಂದಿಗೆಗೆ ಅದು ಸರಿ. ನಾಣ್ಯಕ್ಕೆ ಹಾಗೆ ಮಾಡಿದರೆ ಮೇಲಿನ ಪದರ ಹೋಗುತ್ತದೆ, ಸಂಗ್ರಹ ಮಾಡುವವರು ಅಂಥದ್ದಕ್ಕೆ ಬೆಲೆ ಇಳಿಸುತ್ತಾರೆ. ನಮ್ಮವು ಹೇಗೂ ಸಾಮಾನ್ಯ ನಾಣ್ಯ. “ಹೋದದ್ದೇನೂ ಇಲ್ಲ ಚಿಕ್ಕಮ್ಮ” ಅಂದೆವು.

ಡಬ್ಬಿಯಲ್ಲಿ ನಿಜವಾಗಿ ಬೆಲೆ ಇದ್ದದ್ದು ಒಂದಕ್ಕೆ, 1964ರ ಡೈಮ್‌ಗೆ, ಅಂದರೆ ಹತ್ತು ಸೆಂಟಿನ ನಾಣ್ಯಕ್ಕೆ. ಆ ವರ್ಷದವರೆಗಿನ ಡೈಮ್‌ಗಳಲ್ಲಿ ಶೇ. 90 ಬೆಳ್ಳಿ. ಎರಡೂವರೆ ಗ್ರಾಂ ತೂಕದಲ್ಲಿ ಎರಡೂಕಾಲು ಗ್ರಾಂ ಬೆಳ್ಳಿ, ಇವತ್ತಿನ ಬೆಳ್ಳಿ ದರವೇ ಅದರ ಬೆಲೆ. 1965ರ ಮೇಲಿನದಾದರೆ ಅಂಚಿನಲ್ಲಿ ತಾಮ್ರದ ಗೆರೆ ಕಾಣುತ್ತದೆ, ಅದರಲ್ಲಿ ಬೆಳ್ಳಿ ಇಲ್ಲ.

1930ಕ್ಕೆ ಕರೆ ಮಾಡಿ ದೂರು ಬರೆಸಿದೆವು. ಅಷ್ಟರಲ್ಲಿ ಆರು ದಿನ ಆಗಿತ್ತು, ಹಣ ಇನ್ನೂ ಬಂದಿಲ್ಲ. ಹೀಗಾದರೆ ಅದೇ ತಾಸಿನಲ್ಲಿ ಕರೆ ಮಾಡಿ. ಹಳೆ ನಾಣ್ಯದ ವ್ಯವಹಾರಕ್ಕೆ ತಾನು ಯಾವ ಶುಲ್ಕ, ಕಮಿಷನ್ ಕೇಳುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು. ನಾಣ್ಯ ಕೊಳ್ಳುವವನು ನಮಗೆ ದುಡ್ಡು ಕೊಡಬೇಕು, ನಮ್ಮಿಂದ ಕೇಳಿದರೆ ಅವನು ಕೊಳ್ಳುವವನಲ್ಲ.

8,500ರಲ್ಲಿ ಅರ್ಧ ನಾವು ಕೊಡುತ್ತೇವೆ ಅಂದೆವು. ಚಿಕ್ಕಪ್ಪ ತೆಗೆದುಕೊಳ್ಳಲಿಲ್ಲ. ಇದನ್ನು ಬರೆಯಬಹುದಾ ಅಂತ ಕೇಳಿದೆವು. ಸ್ವಲ್ಪ ಹೊತ್ತು ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತರು.

“ಹೆಸರು ಹಾಕಬೇಡ. ಆ ಮ್ಯಾಗ್ನೆಟ್ಟಿನ ವಿಷಯ ಮಾತ್ರ ಸರಿಯಾಗಿ ಬರಿ” ಅಂದರು.