ಅಕ್ಕ ಕಲಿಸಿದ ಲೆಕ್ಕ

ವೃಷಭನಾಥನು ತನ್ನ ಹೆಣ್ಣುಮಕ್ಕಳಲ್ಲಿ ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದನೆಂಬ ಪ್ರಸಂಗ ಆದಿಪುರಾಣದ ಓದುಗರಿಗೆಲ್ಲ ಪರಿಚಿತವಾದುದು. ವಿದ್ಯೆಯು ಮೊದಲು ಹೆಣ್ಣುಮಕ್ಕಳ ಕೈಸೇರಿತೆಂಬ ಈ ಮಾತನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ನನ್ನ ಮಟ್ಟಿಗೆ ಅದು ಪುರಾಣದ ಮಾತಷ್ಟೇ ಅಲ್ಲ. ಅಕ್ಷರ, ಅಂಕ ಎರಡೂ ನನಗೆ ಬಂದುದು ಅಕ್ಕನಿಂದ.

ಅರಸೀಕೆರೆಯ ಸೀಮೆಯಲ್ಲಿ ನಮ್ಮ ತಂದೆಯವರದು ಕೊಬ್ಬರಿಯ ವ್ಯಾಪಾರ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಇಟ್ಟರೆ ಒಳಗಿನ ನೀರು ಇಂಗಿ, ಗಿಟುಕು ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಅಕ್ಕ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ, ಸದ್ದಿನಿಂದಲೇ ಅದು ಒಣಗಿದೆಯೋ ಇಲ್ಲವೋ ಎಂದು ಹೇಳಬಲ್ಲವಳಾಗಿದ್ದಳು. ಅವಳು ನನಗಿಂತ ಆರು ವರ್ಷ ಹಿರಿಯಳು. ದಶಮಾಂಶ ನಾಣ್ಯಗಳು 1957ರಲ್ಲಿಯೇ ಬಂದಿದ್ದರೂ ನಮ್ಮ ಪೇಟೆಯ ಬಾಯಲ್ಲಿ ಆಣೆಯ ಲೆಕ್ಕವೇ ಉಳಿದಿತ್ತು. ನಾಲ್ಕಾಣೆಗೆ 25 ಪೈಸೆಯಾದರೆ ಒಂದಾಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆ ಎಲ್ಲಿ ಹೋಯಿತೆಂದು ನಾನು ಪೀಡಿಸುತ್ತಿದ್ದೆ. ಹೊತ್ತು ಮುಳುಗುವ ಮುನ್ನ ಊಟ ಮುಗಿಸಿ ಜಗಲಿಯಲ್ಲಿ ಕುಳಿತರೆ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳು ಆರಂಭವಾಗುತ್ತಿದ್ದವು. ತಪ್ಪಿದರೆ ಬೈಗುಳವಿಲ್ಲ, "ಇನ್ನೊಂದು ಸಲ ಹೇಳು ಪುಟ್ಟ" ಎನ್ನುತ್ತಿದ್ದಳು, ಅಷ್ಟೆ.

ತಿಂಡಿ ಹಂಚುವಾಗ ಅವಳದೊಂದು ನಿಯಮವಿತ್ತು. ಗಿಟುಕನ್ನಾಗಲಿ ಬೆಲ್ಲದ ಅಚ್ಚನ್ನಾಗಲಿ ಯಾರು ಒಡೆಯುವರೋ ಅವರು ಕೊನೆಗೆ ತೆಗೆದುಕೊಳ್ಳಬೇಕು. ಮೂವರು ಮಕ್ಕಳಲ್ಲಿ ಅವಳೇ ಹೆಚ್ಚಾಗಿ ಒಡೆಯುತ್ತಿದ್ದುದರಿಂದ, ಮೊದಲು ಕೈಚಾಚುವ ಭಾಗ್ಯ ನನ್ನದೂ ತಮ್ಮನದೂ ಆಗಿತ್ತು. ಚೂರುಗಳು ಎಷ್ಟು ಸಮವಾಗಿರುತ್ತಿದ್ದವೆಂದರೆ, ಯಾವುದನ್ನು ಆರಿಸಲೆಂದು ನಾವೇ ತಡವರಿಸುತ್ತಿದ್ದೆವು. 1967ರ ಮಹಾಮಸ್ತಕಾಭಿಷೇಕಕ್ಕೆ ಶ್ರವಣಬೆಳಗೊಳಕ್ಕೆ ಹೋದಾಗ, ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳನ್ನು ಏಳು ವರ್ಷದ ನನ್ನಿಂದ ಎಣಿಸಿಯೇ ಹತ್ತಿಸಿದಳು. ಪ್ರತಿ ನೂರಕ್ಕೊಮ್ಮೆ ವಿಶ್ರಾಂತಿ. ಎಣಿಕೆಯ ಆಸೆಯಲ್ಲಿ ಕಾಲುನೋವು ಮರೆತುಹೋಗಿತ್ತು.

ಎಸ್‌.ಎಸ್‌.ಎಲ್‌.ಸಿ. ಮುಗಿದೊಡನೆ ಅವಳ ಓದು ನಿಂತಿತು. ನಮ್ಮ ಪೇಟೆಯಲ್ಲಿ ಆಗ ಕಾಲೇಜು ಇರಲಿಲ್ಲ. ಹೆಣ್ಣುಮಗುವನ್ನು ಪರ ಊರಿಗೆ ಕಳುಹಿಸುವ ರೂಢಿಯೂ ಇರಲಿಲ್ಲ. ನಾನು ಮಾತ್ರ ಪರ ಊರಿನಲ್ಲಿದ್ದು ಬಿ.ಕಾಂ. ಓದಿದೆ. ಬಾಣಂತನಕ್ಕೆ ತವರಿಗೆ ಬಂದಿದ್ದ ಅಕ್ಕ, ರಜೆಯಲ್ಲಿದ್ದ ನನ್ನ ಪುಸ್ತಕವನ್ನು ತೆರೆದು ಜಮಾ-ಖರ್ಚಿನ ಅಧ್ಯಾಯವನ್ನು ಒಂದೇ ಮಧ್ಯಾಹ್ನದಲ್ಲಿ ಗ್ರಹಿಸಿದಳು. ತೊಟ್ಟಿಲು ತೂಗುತ್ತಲೇ ಅವಳು ಕೇಳಿದ ಎರಡು ಪ್ರಶ್ನೆಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ತಂದೆಯವರ ಕಾಲಾನಂತರ, 2007ರಲ್ಲಿ, ಆಸ್ತಿಯ ಕಾಗದಗಳನ್ನು ಬರೆಯಿಸುವ ಸಂದರ್ಭ ಒದಗಿತು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ, ಉಯಿಲಿಲ್ಲದೆ ತೀರಿಹೋದ ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು. 2005ರ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿಯೂ ಅವಳು ಸಮಾನಳಾದಳು. ಆದರೆ ಪತ್ರಬರಹಗಾರರು ವಾಡಿಕೆಯಂತೆ ಹಕ್ಕುಬಿಡುಗಡೆ ಪತ್ರವನ್ನು ಸಿದ್ಧಪಡಿಸಿಯೇ ತಂದಿದ್ದರು. ಅರಿಶಿನ ಕುಂಕುಮದ ಬಾಬ್ತು ಅಲ್ಪ ಹಣ ಪಡೆದು, ಸ್ವಸಂತೋಷದಿಂದ ಹಕ್ಕು ಬಿಟ್ಟಿರುವುದಾಗಿ ಅದರ ಒಕ್ಕಣೆ. ಅಕ್ಕ ಲೇಖನಿಯನ್ನು ಕೈಗೆತ್ತಿಕೊಂಡಿದ್ದಳು. ನಾನು ಅದನ್ನು ತಡೆದು, ಅವಳನ್ನು ಹಿತ್ತಿಲಿಗೆ ಕರೆದು, "ನಿನಗೆ ನಿಜವಾಗಿಯೂ ಬೇಡವೇ ಅಕ್ಕ?" ಎಂದು ಕೇಳಿದೆ. "ಬೇಕೆಂದರೆ ತವರಿನ ಬಾಗಿಲು ಮುಚ್ಚಿಕೊಳ್ಳುತ್ತದೆ ಎನ್ನುತ್ತಾರಲ್ಲ ಪುಟ್ಟ," ಎಂದಳು.

ಆ ಒಂದು ಮಾತಿನಲ್ಲಿ ಇಡೀ ಪತ್ರದ ಪೊಳ್ಳು ನನಗೆ ಕಂಡಿತು. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವು ಎಂಬುದು ಅಚೌರ್ಯದ ಮೂಲಾರ್ಥ. ಭಯದಿಂದ ಬಿಟ್ಟುದು ಕೊಟ್ಟಂತಾಗುವುದೇ? ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನು, ಅಂದರೆ ಕೊಳ್ಳುವಾಗೊಂದು ಅಳತೆ, ಮಾರುವಾಗೊಂದು ಅಳತೆ ಇರಿಸಿಕೊಳ್ಳುವುದನ್ನು ಹೇಳುತ್ತದೆ. ಅಂಗಡಿಯ ತಕ್ಕಡಿಯಲ್ಲಿ ಒಂದು ಗುಲಗಂಜಿಯ ವ್ಯತ್ಯಾಸಕ್ಕೆ ಅಂಜುವ ವರ್ತಕನು, ಮಗನಿಗೊಂದು ಮಗಳಿಗೊಂದು ತೂಕದ ಕಲ್ಲನ್ನು ಮನೆಯಲ್ಲಿರಿಸಿಕೊಂಡರೆ ವ್ರತ ಉಳಿಯುವುದೆಂತು?

ತಾಯಿ, ಅಕ್ಕ, ನಾನು, ತಮ್ಮ ಎಂದು ನಾಲ್ಕು ಸಮಭಾಗಗಳಾದವು. ಒಡೆದವನು ನಾನಾದ್ದರಿಂದ ಕೊನೆಯ ಭಾಗ ನನ್ನದಾಯಿತು. ಕೆಲವು ಬಂಧುಗಳು "ಕೆಟ್ಟ ಮೇಲ್ಪಂಕ್ತಿ" ಎಂದು ಗೊಣಗಿದರು. ತಂಗಿಯರಿಂದ ಅಂಥ ಪತ್ರ ಬರೆಯಿಸಿಕೊಂಡವರಿಗೆ ಆ ಮಾತು ಸಹಜವೇ. ಅಕ್ಕ ತನ್ನ ಪಾಲಿನ ತೆಂಗಿನ ತೋಟದ ಲೆಕ್ಕವನ್ನು ಇಂದಿಗೂ ಸ್ವಂತ ಕೈಯಿಂದಲೇ ಬರೆಯುತ್ತಾಳೆ. ಮೊಮ್ಮಗಳ ಕಾಲೇಜಿನ ಶುಲ್ಕ ಅದರಿಂದಲೇ ಸಲ್ಲುತ್ತಿದೆ.

ಸೋದರಿಯರ ವಾತ್ಸಲ್ಯವನ್ನು ನೆನೆದು ಕಣ್ಣು ತುಂಬಿಕೊಳ್ಳದ ಗಂಡಸು ವಿರಳ. ಆದರೆ ವಾತ್ಸಲ್ಯವು ಪಾಲಿಗೆ ಬದಲಾಗಿ ಕೊಡುವ ನಾಣ್ಯವಲ್ಲ. ಅಕ್ಕ ತಂಗಿಯರ ನೆನಪು ಸಿಹಿಯಾಗಿರುವ ಮನೆಗಳಲ್ಲಿ "ನಿನಗೆ ನಿಜವಾಗಿಯೂ ಬೇಡವೇ?" ಎಂಬ ಪ್ರಶ್ನೆಯನ್ನು ಕೇಳುವುದು ಸುಲಭ. ಅಲ್ಲಿಯಾದರೂ ಅದನ್ನು, ಕಾಗದ ಸಿದ್ಧವಾಗುವ ಮೊದಲೇ, ಏಕಾಂತದಲ್ಲಿ ಕೇಳೋಣ. ಉತ್ತರ ಬರುವವರೆಗೆ ಕಾಯೋಣ.